ಜರ್ಮನಿಗೆ ಹೊರಟವರಿಗೆ: ಗ್ರಾಫ್ ನೋಡಿ ಕೊಳ್ಳಿ

ಅಕ್ಟೋಬರ್ ಸೆಮಿಸ್ಟರ್‌ಗೆ ಹೊರಟವರೇ, ಇಳಿದ ವಾರವೇ ಎಲ್ಲಾ ಸಾಮಾನು ಕೊಳ್ಳಬೇಡಿ. ಈಗಲೇ ಬೆಲೆ ಹೋಲಿಸುವ ಐಡಿಯಲೋ ಆಪ್ ಹಾಕಿಕೊಳ್ಳಿ. ಹಲವು ಅಂಗಡಿಗಳ ಬೆಲೆ, ಹಿಂದಿನ ತಿಂಗಳುಗಳ ಬೆಲೆಯ ಗ್ರಾಫ್ ಎರಡೂ ಸಿಗುತ್ತವೆ. ನಿಮಗೆ ಒಪ್ಪುವ ಬೆಲೆ ಹಾಕಿಟ್ಟರೆ, ಅಷ್ಟಕ್ಕೆ ಇಳಿದಾಗ ಅದೇ ತಿಳಿಸುತ್ತದೆ. ಅಮೆಜಾನ್ ಒಂದಕ್ಕೇ ಆದರೆ ಅಲ್ಲಿನ ಬೆಲೆಯ ಗ್ರಾಫ್ ತೋರಿಸುವ ಕೀಪಾ ಸಾಕು.

ನಾನು ‘40% ಕಡಿತ’ ಅಂತ ನೋಡಿ ರೈಸ್ ಕುಕ್ಕರ್ ಕೊಂಡೆ. ಆಮೇಲೆ ಗ್ರಾಫ್ ತೆಗೆದರೆ ವರ್ಷವಿಡೀ ಅದೇ ಬೆಲೆ! ಪುಣ್ಯಕ್ಕೆ ಆನ್‌ಲೈನ್ ಖರೀದಿ, 14 ದಿನದೊಳಗೆ ವಾಪಸ್ ಮಾಡಿದೆ.

ಹಾಂ, ಶಿಪ್ಪಿಂಗ್ ಸೇರಿಸಿಯೇ ಹೋಲಿಸಿ. ಮೂರು ಯೂರೋ ಉಳಿಸಿ ಐದು ಕೊಟ್ಟರೆ ಏನು ಬಂತು? ಮೇಜು, ಮಂಚಕ್ಕೆ ಇದ್ಯಾವುದೂ ಬೇಡ. ಜನ ಹಳೇ ಸಾಮಾನು ಮಾರುವ ಕ್ಲೈನಾನ್‌ತ್ಸೈಗನ್ ಸೈಟ್‌ನಲ್ಲಿ ಹುಡುಕಿ. ಪ್ರೆಷರ್ ಕುಕ್ಕರ್ ಮಾತ್ರ ಊರಿಂದಲೇ ತನ್ನಿ, ಇಂಡಕ್ಷನ್ ತಳದ್ದು.