ಒಂಬತ್ತರಲ್ಲಿ ನನ್ನ ಮತ ಏಳನೆಯದಕ್ಕೆ

ಬೀಥೋವನ್ ಬರೆದಿದ್ದು ಒಂಬತ್ತು ಸಿಂಫನಿ, ಅಂದರೆ ಇಡೀ ಆರ್ಕೆಸ್ಟ್ರಾ ನುಡಿಸುವ, ಹಲವು ಭಾಗಗಳ ದೊಡ್ಡ ಕೃತಿಗಳು. ಯಾವುದು ಇಷ್ಟ ಅಂತ ಯಾರನ್ನಾದರೂ ಕೇಳಿ, ಐದನೆಯದು ಅನ್ನುತ್ತಾರೆ, ಇಲ್ಲಾಂದ್ರೆ ಒಂಬತ್ತನೆಯದು. ತಪ್ಪೇನಿಲ್ಲ. ಐದನೆಯದರ ಆ ಮೊದಲ ನಾಲ್ಕು ಸ್ವರ ಎಲ್ಲರ ಕಿವಿಗೂ ಬಿದ್ದಿದೆ, ಒಂಬತ್ತನೆಯದರಲ್ಲಿ ಗಾಯಕರ ದೊಡ್ಡ ಮೇಳವೇ ಎದ್ದು ನಿಂತು ಹಾಡುತ್ತದೆ. ಆದರೂ ನನ್ನ ಮತ ಏಳನೆಯದಕ್ಕೆ.

ಈ ಸಲದ ಸಂಪಾದಕೀಯ ಪೂರ್ತಿ ಅದಕ್ಕೇ. ನಮ್ಮ ಸಂಘದ ಎಷ್ಟೋ ಮನೆಗಳಲ್ಲಿ ಮಕ್ಕಳು ಈಗ ಶಾಲೆಯ ಆರ್ಕೆಸ್ಟ್ರಾದಲ್ಲಿ ಪಿಟೀಲು, ಚೆಲೋ ನುಡಿಸುತ್ತಿದ್ದಾರೆ. ರಾಮೋತ್ಸವದ ಕಛೇರಿ ಕೇಳಿ ಬೆಳೆದ ಅಪ್ಪ ಅಮ್ಮಂದಿರು ಮಾತ್ರ, ಇದರಲ್ಲಿ ಏನನ್ನು ಹಿಡಿದು ಕೇಳಬೇಕು ಅಂತ ಗೊತ್ತಾಗದೆ, ಸುಮ್ನೆ ಚಪ್ಪಾಳೆ ತಟ್ಟಿ ಎದ್ದು ಬರುತ್ತಾರೆ. ರಾಗ ಹುಡುಕಬೇಡಿ, ಸಿಗುವುದಿಲ್ಲ. ಲಯ ಹಿಡಿಯಿರಿ. ಲಯ ಹಿಡಿದು ಕೇಳುವವರಿಗೆ ಏಳನೆಯದೇ ಸರಿ.

ಎರಡನೆಯ ಭಾಗದಿಂದ ಶುರು ಮಾಡಿ. ಊದುವ ವಾದ್ಯಗಳು ಸೇರಿ ಒಂದೇ ಒಂದು ಸಲ ಜೋರಾಗಿ ದನಿ ಎತ್ತಿ, ಹಾಗೇ ಕರಗುತ್ತವೆ. ಆಮೇಲೆ ಪಿಟೀಲಿಗಿಂತ ದಪ್ಪ ದನಿಯ ವಯೋಲಾ, ಚೆಲೋ, ಡಬಲ್ ಬೇಸ್ ಮಾತ್ರ, ಮೆಲ್ಲಗೆ: ಉದ್ದ, ಗಿಡ್ಡ ಗಿಡ್ಡ, ಉದ್ದ ಉದ್ದ. ಹೈಸ್ಕೂಲಿನಲ್ಲಿ ಪದ್ಯಕ್ಕೆ ಪ್ರಸ್ತಾರ ಹಾಕಿದ್ದು ನೆನಪಿದೆ ಅಲ್ವಾ? ಗುರು, ಲಘು ಲಘು, ಗುರು ಗುರು. ಕಂದಪದ್ಯದಲ್ಲಿ ಬರುವಂಥ ನಾಲ್ಕು ಮಾತ್ರೆಯ ಎರಡು ಗಣ, ಅಷ್ಟೇ! ಮೇಲಿನ ಸ್ವರ ಮೊದಮೊದಲು ಇದ್ದ ಜಾಗ ಬಿಟ್ಟು ಕದಲುವುದೇ ಇಲ್ಲ. ಮುಂದಿನ ಸುತ್ತಿಗೆ ಆ ಗಣಗಳನ್ನು ಎರಡನೆಯ ಸಾಲಿನ ಪಿಟೀಲುಗಳು ಎತ್ತಿಕೊಳ್ಳುತ್ತವೆ, ಆಗ ಬಿಡುವಾದ ವಯೋಲಾ ಮತ್ತು ಚೆಲೋ ಅದರ ಜೊತೆಜೊತೆಗೇ ಬೇರೆಯದೇ ಒಂದು ಉದ್ದನೆಯ ಹಾಡು ಹಾಡುತ್ತವೆ. ಆಮೇಲೆ ಮೊದಲ ಪಿಟೀಲು, ಕೊನೆಗೆ ಇಡೀ ಆರ್ಕೆಸ್ಟ್ರಾ. ಗಣ ಅದೇ, ಒಂದು ಮಾತ್ರೆಯೂ ಬದಲಾಗಿಲ್ಲ, ಆದರೆ ಅಷ್ಟು ಹೊತ್ತಿಗೆ ನನಗೆ ಗಂಟಲು ಕಟ್ಟಿರುತ್ತದೆ.

1813ರ ಡಿಸೆಂಬರ್ 8ರಂದು ಇದು ಮೊದಲ ಸಲ ಕೇಳಿಸಿದ್ದು ವಿಯೆನ್ನಾ ವಿಶ್ವವಿದ್ಯಾಲಯದ ಸಭಾಂಗಣದಲ್ಲಿ. ನೆಪೋಲಿಯನ್ ವಿರುದ್ಧ ಹಾನಾವ್‌ನಲ್ಲಿ ಹೋರಾಡಿ ಗಾಯಗೊಂಡಿದ್ದ ಸೈನಿಕರಿಗೆ ಹಣ ಕೂಡಿಸುವ ಕಾರ್ಯಕ್ರಮ ಅದು. ಬೀಥೋವನ್‌ಗೆ ಆಗಲೇ ಕಿವಿ ಬಹಳ ಮಂದವಾಗಿತ್ತು, ಆದರೂ ನಿಂತು ಆರ್ಕೆಸ್ಟ್ರಾ ನಡೆಸಿದ್ದು ಅವನೇ. ಮೆಲ್ಲಗೆ ನುಡಿಸಬೇಕಾದಲ್ಲಿ ಪೂರ್ತಿ ಕುಗ್ಗಿ ಕೂರುತ್ತಿದ್ದ, ಜೋರು ಬಂದಾಗ ನೆಗೆಯುತ್ತಿದ್ದ ಅಂತ ಅಂದು ಪಿಟೀಲು ನುಡಿಸಿದ ಲೂಯಿ ಶ್ಪೋರ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಜನ ಈ ಎರಡನೆಯ ಭಾಗವನ್ನು ಅಲ್ಲೇ ಇನ್ನೊಂದು ಸಲ ನುಡಿಸಿ ಅಂತ ಹಟ ಹಿಡಿದರು. ನಾನಿದ್ದಿದ್ದರೆ ನಾನೂ ಹಿಡಿಯುತ್ತಿದ್ದೆ.

ಉಳಿದ ಭಾಗಗಳೂ ಲಯದ್ದೇ ಆಟ. ಮೊದಲನೆಯದು ನಿಧಾನದ ಪೀಠಿಕೆ ಮುಗಿಸಿದ ಮೇಲೆ ತಿಸ್ರ ನಡೆಗೆ ಬೀಳುತ್ತದೆ, ಮತ್ತೆ ಬಿಡುವುದಿಲ್ಲ. ಕೊನೆಯದರಲ್ಲಿ ಒತ್ತು ಬೀಳುವುದು ನಾವು ಕಾಯದ ಎರಡನೆಯ ಪೆಟ್ಟಿಗೆ. ತಾಳ ಹಾಕಿಕೊಂಡು ಕೇಳಿದರೆ ಕೈ ತಡವರಿಸುತ್ತದೆ. ಆರನೆಯದರ ಹಳ್ಳಿ, ಹೊಳೆ, ಮಳೆ ಚೆಂದವೇ, ಮೂರನೆಯದು ದೊಡ್ಡದೇ. ಆದರೆ ಏಳನೆಯದಕ್ಕೆ ಕಥೆಯ ಆಸರೆಯೇ ಬೇಡ, ಅದಕ್ಕೇ ನನಗೆ ಅದು ಜಾಸ್ತಿ ಇಷ್ಟ.

ಯಾವ ರೆಕಾರ್ಡಿಂಗ್ ಅಂತೀರಾ? ಆರ್ಕೆಸ್ಟ್ರಾ ನಿರ್ದೇಶಕ ಕಾರ್ಲೋಸ್ ಕ್ಲೈಬರ್ ವಿಯೆನ್ನಾ ಫಿಲ್‌ಹಾರ್ಮೋನಿಕ್ ಜೊತೆ ಮಾಡಿದ್ದು, 1976ರಲ್ಲಿ ಬಂತು. ಎರಡನೆಯ ಭಾಗವನ್ನು ಎಳೆಯುವುದಿಲ್ಲ, ನಡೆಸಿಕೊಂಡು ಹೋಗುತ್ತಾನೆ. ಅದರ ಕಟ್ಟಕಡೆಯಲ್ಲಿ ಹೆಚ್ಚಿನವರು ಕಮಾನು ಹಾಕಿಸುವ ಜಾಗದಲ್ಲಿ ಇವನು ಬೆರಳಲ್ಲೇ ಮೀಟಿಸುತ್ತಾನೆ. ಗಮನ ಇಟ್ಟು ಕೇಳಿ.

ಇನ್ನೊಂದು, ಫಾನ್ ಕರಯಾನ್ 1951ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಜೊತೆ ಮಾಡಿದ್ದು. ಅದನ್ನು ಹೇಳೋಕೆ ಬೇರೆ ಕಾರಣವೂ ಇದೆ. ಯುದ್ಧ ಮುಗಿದ ಹೊಸತರಲ್ಲಿ ಆ ಆರ್ಕೆಸ್ಟ್ರಾದ ಬೆನ್ನಿಗೆ ಹಣ ಕೊಟ್ಟು ನಿಂತವರಲ್ಲಿ ನಮ್ಮ ಮೈಸೂರಿನ ಜಯಚಾಮರಾಜ ಒಡೆಯರ್ ಒಬ್ಬರು, ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಅವರೇ. ನೂರರ ಹತ್ತಿರ ಕೃತಿಗಳನ್ನು ರಚಿಸಿದ ಕರ್ನಾಟಕ ಸಂಗೀತದ ವಾಗ್ಗೇಯಕಾರರು ಅವರು, ಅದೇ ಕಿವಿಯಲ್ಲಿ ಇದನ್ನೂ ಕೇಳಿದರು. ನಮ್ಮ ಮಕ್ಕಳಿಗೆ ಇದನ್ನು ತಪ್ಪದೆ ಹೇಳಿ.

ಮುಂದಿನ ಸಂಚಿಕೆಗೆ ನಿಮ್ಮ ನಿಮ್ಮ ಆಯ್ಕೆ ಬರೆದು ಕಳಿಸಿ. ಬೀಥೋವನ್‌ನದೇ ಆಗಬೇಕಿಲ್ಲ, ಡ್ವೊರ್ಜಾಕ್ ಆಗಲಿ, ಬ್ರಾಮ್ಸ್ ಆಗಲಿ. ಸಿಂಫನಿಯ ಹೆಸರು ಮಾತ್ರ ಸಾಲದು, ಯಾವ ಭಾಗದ ಯಾವ ಜಾಗ ನಿಮ್ಮನ್ನು ಹಿಡಿದು ನಿಲ್ಲಿಸಿತು ಅಂತಲೂ ಬರೆಯಿರಿ.