ಗಾಡಿ ಕೆಳಗೆ ಮಲಗುವ ಮುಂಚೆ ಇದನ್ನು ಓದು

ಪುಟ್ಟಿ,

ನೀನು ಕಳಿಸಿದ ಫೋಟೊ ನೋಡಿದೆ. ಅರ್ಧ ಮೈ ಗಾಡಿ ಕೆಳಗೆ, ತಲೆ ಮಾತ್ರ ಹೊರಗೆ, ಮುಖಕ್ಕೆಲ್ಲ ಗ್ರೀಸು. ಅದಕ್ಕೆ ನಾನು ಏನಂದೆ, ನೀನು ಏನಂದೆ, ಫೋನ್ ಹೇಗೆ ಕಟ್ಟಾಯಿತು ಅನ್ನೋದು ಇಬ್ಬರಿಗೂ ಗೊತ್ತು. ಮತ್ತೆ ಬರೆಯೋದು ಬೇಡ. ಅಷ್ಟು ಜೋರಾಗಿ ಕೂಗಾಡಿದ್ದಕ್ಕೆ ಬೇಜಾರಿದೆ. ಆಡಿದ ಮಾತನ್ನು ಮಾತ್ರ ವಾಪಸ್ ತಗೊಳ್ಳೋದಿಲ್ಲ.

ಎಡಗಡೆ ಮುಂದಿನ ಚಕ್ರ ಬಿಚ್ಚಿದೆ. ಗಾಡಿ ನಿಂತಿರುವುದು ಒಂದೇ ಒಂದು ಜ್ಯಾಕಿನ ಮೇಲೆ. ಸ್ಟ್ಯಾಂಡು ಎಲ್ಲೂ ಕಾಣಲಿಲ್ಲ. ಫೋಟೊ ದೊಡ್ಡದು ಮಾಡಿ ಮೂಲೆ ಮೂಲೆ ಹುಡುಕಿದೆ.

"ಎಂಜಿನ್ನೇ ಆಫ್ ಇತ್ತಲ್ಲಮ್ಮ" ಅಂದೆ ನೀನು. ಆವತ್ತೂ ಆಫ್ ಇತ್ತು.

ನಿನಗಾಗ ಎಂಟೋ ಒಂಬತ್ತೋ. ನನ್ನ ಕೈಯಿಂದ ಜಾರಿದ, ನಟ್ಟು ಬಿಚ್ಚುವ ಸಾಕೆಟ್ ಉರುಳಿಕೊಂಡು ಗಾಡಿ ಕೆಳಗೆ ಹೋಯಿತು. ನಾನು ಬೇಡ ಅನ್ನುವಷ್ಟರಲ್ಲಿ ನೀನು ಹೊಟ್ಟೆ ಮೇಲೆ ಮಲಗಿ, ಭುಜದವರೆಗೂ ಕೈ ಒಳಗೆ ಹಾಕಿದ್ದೆ. ಗಾಡಿ ನಿಲ್ಲಿಸಿ ಎಷ್ಟೋ ಹೊತ್ತಾಗಿತ್ತು. ಬಾನೆಟ್ ಕೂಡ ತಣ್ಣಗಾಗಿತ್ತು. ಮೊದಲು ಟಕ್ ಅಂತ ಒಂದು ಸಣ್ಣ ಸದ್ದು. ಆಮೇಲೆ ಸ್ಸ್ಸ್ ಅಂತ ಗಾಳಿ. ಇಡೀ ಗಾಡಿ ಮೆತ್ತಗೆ ಕೆಳಗಿಳಿಯಿತು. ಮೂರು ಬೆರಳಿನಷ್ಟು ಇಳಿದಿರಬಹುದು. ನೀನು ಸಾಕೆಟ್ ಹಿಡಿದುಕೊಂಡು ಹೊರಗೆ ಬಂದು "ಕಾರು ನಿಟ್ಟುಸಿರು ಬಿಡ್ತು" ಅಂತ ನಕ್ಕೆ. ಈಗಲೂ ಅದನ್ನು ತಮಾಷೆ ಅಂತಲೇ ಹೇಳಿಕೊಂಡು ಓಡಾಡ್ತೀಯ. ನೀನು ಒಳಗೆ ಹೋದ ಮೇಲೆ ನಾನು ಅಲ್ಲೇ ಕೂತು, ಬಾಗಿಲ ಕೆಳಗಿನ ಅಂಚಿಗೂ ನೆಲಕ್ಕೂ ನಡುವೆ ಮುಷ್ಟಿಯ ಮೇಲೆ ಮುಷ್ಟಿ ಇಟ್ಟು ಅಳೆದೆ. ಜಾಗ ಇನ್ನೂ ಉಳಿದಿತ್ತು. ನಿನ್ನ ಕೈಗೆ ಏನೂ ಆಗುತ್ತಿರಲಿಲ್ಲ. ಅದು ನನಗೂ ಗೊತ್ತು. ಆದರೂ ಆ ಟಕ್ ಸದ್ದು ನನ್ನ ಕಿವಿಯಿಂದ ಹೋಗಿಲ್ಲ.

ಯಾಕೆ ಹಾಗಾಯಿತು ಅಂತ ನಿನಗೆ ಸರಿಯಾಗಿ ಹೇಳಿಕೊಟ್ಟ ನೆನಪಿಲ್ಲ. ಈಗ ಕೇಳು. ಈ ಗಾಡಿಗೆ ಕಬ್ಬಿಣದ ಸ್ಪ್ರಿಂಗ್ ಇಲ್ಲ. ನಾಲ್ಕು ಮೂಲೆಗೂ ರಬ್ಬರಿನ ಗಾಳಿ ಚೀಲ. ಎರಡೂವರೆ ಟನ್ ಹತ್ತಿರದ ಭಾರ ನಿಂತಿರುವುದು ಬರೀ ಗಾಳಿಯ ಮೇಲೆ. ಪ್ರತಿ ಮೂಲೆಯಲ್ಲೂ ಎತ್ತರ ಅಳೆಯುವ ಸೆನ್ಸರ್ ಇದೆ. ನೀನು ಲಾಕ್ ಮಾಡಿ ಹೋದ ಮೇಲೂ ಅದರ ಕಂಪ್ಯೂಟರ್ ಆಗಾಗ ಎದ್ದು ನಾಲ್ಕೂ ಸಮ ಇದೆಯಾ ಅಂತ ನೋಡುತ್ತೆ. ಒಂದು ಮೂಲೆಯಲ್ಲಿ ಗಾಳಿ ಸೋರಿ ತಗ್ಗಿದ್ದರೆ ಅದನ್ನು ಎತ್ತಲಿಕ್ಕೆ ಆಗಲ್ಲ, ಎಂಜಿನ್ ಆಫ್ ಇರುವಾಗ ಗಾಳಿ ತುಂಬುವ ಕಂಪ್ರೆಸರ್ ಓಡಲ್ಲವಲ್ಲ. ಹಾಗಾಗಿ ಉಳಿದ ಮೂರರ ಗಾಳಿ ಬಿಟ್ಟು ಎಲ್ಲವನ್ನೂ ತಗ್ಗಿದ ಮೂಲೆಯ ಮಟ್ಟಕ್ಕೆ ಇಳಿಸುತ್ತೆ. ಯಾರನ್ನೂ ಕೇಳಲ್ಲ. ಕೆಳಗೆ ಯಾರಿದ್ದಾರೆ ಅಂತ ಅದಕ್ಕೆ ಗೊತ್ತಾಗೋದೂ ಇಲ್ಲ.

ಬಾಗಿಲು ತೆರೆದಿಟ್ಟರೆ ಎತ್ತರ ಬದಲಾಗಲ್ಲ ಅಂತ ಹೇಳುವವರಿದ್ದಾರೆ. ಕೆಲವು ಗಾಡಿಗಳಲ್ಲಿ ಅದು ನಿಜವೂ ಹೌದು. ಆದರೆ ಬಾಗಿಲಿನ ಸ್ವಿಚ್ಚೇ ಕೆಟ್ಟಿದ್ದರೆ? ರಬ್ಬರೇ ಹರಿದರೆ? ಆಡಿ ಕ್ಯೂ7, ಫೋಕ್ಸ್‌ವ್ಯಾಗನ್ ಟುವಾರೆಗ್ ಥರದ ಗಾಡಿಗಳಲ್ಲಿ ಚಕ್ರ ಬಿಚ್ಚುವಾಗ ಈ ಏರಿಳಿತ ನಿಲ್ಲಿಸಲಿಕ್ಕೆ ಅಂತಲೇ ಜ್ಯಾಕ್ ಮೋಡ್ ಕೊಟ್ಟಿದ್ದಾರೆ. ನಮ್ಮದರಲ್ಲಿ ಅಂಥ ಗುಂಡಿ ಇಲ್ಲ. ಇದ್ದರೂ ಗುಂಡಿ ನಂಬಿಕೊಂಡು ಯಾರೂ ಕೆಳಗೆ ಮಲಗಬಾರದು.

ಆದ್ದರಿಂದ ಗಟ್ಟಿ, ಸಮತಟ್ಟಾದ ನೆಲದ ಮೇಲೆ ನಿಲ್ಲಿಸು. ಎತ್ತದೇ ಇರುವ ಚಕ್ರಗಳು ಉರುಳದ ಹಾಗೆ ಹಿಂದೆ ಮುಂದೆ ಅಡ್ಡ ಕೊಡು. ಹ್ಯಾಂಡ್ ಬ್ರೇಕ್ ಹಿಡಿಯೋದು ಹಿಂದಿನ ಚಕ್ರಗಳನ್ನು, ಹಿಂದುಗಡೆ ಎತ್ತಿದರೆ ಅದು ಇದ್ದೂ ಇಲ್ಲದ ಹಾಗೆ. ಜ್ಯಾಕ್ ಇರೋದು ಎತ್ತಲಿಕ್ಕೆ ಅಷ್ಟೇ. ಭಾರ ಹೊರಬೇಕಾದ್ದು ಸ್ಟ್ಯಾಂಡು, ಅದೂ ಮ್ಯಾನ್ಯುವಲ್ ತೋರಿಸುವ ಜಾಗದಲ್ಲಿ, ಎರಡೂ ಕಡೆ. ಇಟ್ಟ ಮೇಲೆ ಸೊಂಟ ಕೊಟ್ಟು ಗಾಡಿಯನ್ನು ಜೋರಾಗಿ ತಳ್ಳಿ ನೋಡು. ಬೀಳುವ ಹಾಗಿದ್ದರೆ ನೀನು ಹೊರಗಿರುವಾಗಲೇ ಬೀಳಲಿ. ಬಿಚ್ಚಿದ ಚಕ್ರವನ್ನು ಗಾಡಿಯ ಪಕ್ಕದ ಅಂಚಿನ ಕೆಳಗೆ ತಳ್ಳಿಡು. ಇಷ್ಟೆಲ್ಲ ಆದ ಮೇಲೆ ನೀನು ಕೆಲಸ ಮಾಡುವ ಮೂಲೆಯ ಗಾಳಿ ಪೂರ್ತಿ ಬಿಡು. ಪೈಪ್ ಸಡಿಲಿಸುವಾಗ ಕನ್ನಡಕ ಹಾಕು, ಒಳಗಿನ ಗಾಳಿ ಟೈರಿನ ಗಾಳಿಗಿಂತ ಜಾಸ್ತಿ ಒತ್ತಡದ್ದು.

ನೋಡು, ಪಾಠ ಶುರು ಮಾಡಿಬಿಟ್ಟೆ. ಮಾಡಬಾರದು ಅಂದುಕೊಂಡೇ ಬರೆಯಲು ಕೂತಿದ್ದೆ. ಹೇಗೂ ಶುರುವಾಗಿದೆ, ಪೂರ್ತಿ ಕೇಳಿಬಿಡು.

ಹೊಸ ಗಾಳಿ ಚೀಲ ಕೂರಿಸಿದ ಮೇಲೆ ತಕ್ಷಣ ಜ್ಯಾಕ್ ಇಳಿಸಬೇಡ. ಖಾಲಿ ಚೀಲದ ಮೇಲೆ ಭಾರ ಬಿದ್ದರೆ ರಬ್ಬರು ಮಡಚಿಕೊಂಡು ಮೊದಲ ದಿನವೇ ಹರಿಯುತ್ತೆ. ಮೊದಲು ಗಾಳಿ ತುಂಬಬೇಕು, ಆಮೇಲೆ ಭಾರ. ಹಾಗೇ, ಚಕ್ರವನ್ನು ಗಾಡಿಗೆ ಸೇರಿಸುವ ಕಬ್ಬಿಣದ ತೋಳುಗಳ ರಬ್ಬರ್ ಬುಷ್ ಬೋಲ್ಟನ್ನು ಚಕ್ರ ಜೋತಾಡುತ್ತಿರುವಾಗ ಬಿಗಿ ಮಾಡಬೇಡ. ಗಾಡಿ ಓಡುವ ಎತ್ತರಕ್ಕೆ ಬಂದ ಮೇಲೆ ಬಿಗಿ ಮಾಡು, ಇಲ್ಲದಿದ್ದರೆ ಬುಷ್ ಯಾವಾಗಲೂ ತಿರುಚಿಕೊಂಡೇ ಇದ್ದು ಬೇಗ ಹೋಗುತ್ತೆ.

ಕಂಪ್ರೆಸರ್ ಹೊಸದು ತರಿಸ್ತೀನಿ ಅಂದಿದ್ದೆ. ತಡಿ. ಕಂಪ್ರೆಸರ್ ಸುಮ್ನೆ ಸಾಯಲ್ಲ. ಸೋರುವ ಗಾಳಿಯನ್ನು ತುಂಬೀ ತುಂಬೀ ಸಾಯುತ್ತೆ. ತೂತು ಬಿಂದಿಗೆಗೆ ನೀರು ಸೇದಿದ ಹಾಗೆ. ಸೋರಿಕೆ ಮುಚ್ಚದೆ ಹೊಸದು ಹಾಕಿದರೆ ಅದಕ್ಕೂ ಅದೇ ಗತಿ. ಹಾಕುವಾಗ ಅದಕ್ಕೆ ಕರೆಂಟ್ ಕೊಡುವ ಸ್ವಿಚ್ಚು, ಅಂದರೆ ರಿಲೇಯನ್ನೂ ಬದಲಿಸು. ಹಳೇ ರಿಲೇ ಅಂಟಿಕೊಂಡರೆ ಕಂಪ್ರೆಸರ್ ನಿಲ್ಲದೆ ಓಡಿ ಸುಟ್ಟುಹೋಗುತ್ತೆ.

ಆದರೆ ಒಂದು ಮಾತು ಹೇಳಲೇಬೇಕು. ಸೋಪಿನ ನೀರು ಚಿಮುಕಿಸಿ ಸೋರಿಕೆ ಹುಡುಕಿದೆಯಲ್ಲ, ಆ ವಿಡಿಯೊ ನಾನು ನಿಮ್ಮಪ್ಪನಿಗೆ ಮತ್ತೆ ಮತ್ತೆ ತೋರಿಸಿದ್ದೇನೆ. ಚೀಲದ ರಬ್ಬರಿನ ಮೇಲೆ ಏನೂ ಇಲ್ಲ, ಮೇಲೆ ಪೈಪ್ ಸೇರುವ ಜಾಗದಲ್ಲಿ ಮಾತ್ರ ಸಾಸಿವೆಯಷ್ಟು ಗುಳ್ಳೆ ಒಂದರ ಹಿಂದೆ ಒಂದು ಬರುತ್ತಿತ್ತು. ನೀನು ಉಸಿರು ಬಿಗಿಹಿಡಿದು ನೋಡುತ್ತಿದ್ದದ್ದು ವಿಡಿಯೊದಲ್ಲೂ ಗೊತ್ತಾಗುತ್ತಿತ್ತು. ಕೈಗೆ ಸಿಕ್ಕಿದ್ದನ್ನೆಲ್ಲ ಬಿಚ್ಚಿ ಬದಲಿಸುವವರು ತುಂಬ ಜನ. ಮೊದಲು ಕೂತು ನೋಡುವವರು ಕಡಿಮೆ. ಇದನ್ನು ನಿನ್ನೆದುರು ಹೇಳಲಿಕ್ಕೆ ನನಗೆ ಬರಲ್ಲ. ಬರೆಯಬಹುದು, ಅಷ್ಟೇ.

ಈಗ ನನಗೆ ನಿಜವಾಗಿ ಹೆದರಿಕೆ ಇರುವ ಕೆಲಸಕ್ಕೆ ಬರ್ತೀನಿ. ಗೇರ್‌ಬಾಕ್ಸ್ ಆಯಿಲ್. ಜೀವಮಾನವಿಡೀ ಬದಲಿಸಬೇಕಾಗಿಲ್ಲ ಅನ್ನೋದನ್ನು ನಂಬಬೇಡ ಅಂತ ನಾನೇ ನಿನಗೆ ಹೇಳಿದ್ದು. ನಮ್ಮದು ಝಡ್‌ಎಫ್ ಕಂಪನಿಯ ಆರು ಗೇರಿನ ಆಟೊಮ್ಯಾಟಿಕ್. ಅದನ್ನು ಮಾಡಿದ ಕಂಪನಿಯೇ 80,000ದಿಂದ 1,20,000 ಕಿಲೋಮೀಟರ್ ಒಳಗೆ, ಇಲ್ಲವೇ 8 ವರ್ಷಕ್ಕೆ ಬದಲಿಸಿ ಅನ್ನುತ್ತೆ. ಬದಲಿಸು, ಬೇಡ ಅನ್ನಲ್ಲ. ಆದರೆ ಮಟ್ಟ ನೋಡುವ ಕ್ರಮ ನೆನಪಿದೆಯಾ? ಆಯಿಲ್ 40 ಡಿಗ್ರಿ ಆಸುಪಾಸಿಗೆ ಬಿಸಿಯಾಗಿರಬೇಕು, ಎಂಜಿನ್ ಓಡುತ್ತಿರಬೇಕು, ಪಕ್ಕದ ತೂತಿನಿಂದ ಆಯಿಲ್ ಸಣ್ಣಗೆ ಜಿನುಗುವವರೆಗೂ ತುಂಬಬೇಕು. ಅಂದರೆ ಎಂಜಿನ್ ಓಡುವಾಗ ನೀನು ಗಾಡಿ ಕೆಳಗಿರಬೇಕು. ಎಂಜಿನ್ ಓಡಿದರೆ ಕಂಪ್ರೆಸರ್ರೂ ಜೀವಂತ. ಎತ್ತರ ಸರಿಮಾಡಲು ಹೊರಟರೆ ಸ್ಟ್ಯಾಂಡಿನ ಮೇಲಿರುವ ಗಾಡಿಯೇ ಕದಲಬಹುದು. ಗಾಳಿ ಚೀಲಗಳ ಸಸ್ಪೆನ್ಷನ್ನಿನ ಫ್ಯೂಸ್ ತೆಗೆದು ಜೇಬಿಗೆ ಹಾಕಿಕೊಂಡೇ ಕೆಳಗೆ ಹೋಗು. ನಾಲ್ಕು ಸ್ಟ್ಯಾಂಡು, ಗಾಡಿ ಸಮ. ಪಕ್ಕದಲ್ಲಿ ಇನ್ನೊಬ್ಬರು ನಿಂತಿರಲಿ, ಕೀ ಆಫ್ ಮಾಡುವುದು ಗೊತ್ತಿರುವವರು. ಒಬ್ಬಳೇ ಮಾಡಬೇಡ. ಇದೊಂದನ್ನು ಒಬ್ಬಳೇ ಮಾಡಬೇಡ ಪುಟ್ಟಿ. ಯಾರೂ ಸಿಗದಿದ್ದರೆ ಆ ಕೆಲಸ ಒಂದು ತಿಂಗಳು ಕಾಯುತ್ತೆ, ಗೇರ್‌ಬಾಕ್ಸ್ ಒಡೆದುಹೋಗಲ್ಲ.

ಉಳಿದದ್ದು ಚುಟುಕಾಗಿ. ಡ್ಯಾಶ್‌ಬೋರ್ಡಿನಲ್ಲಿ ಒಟ್ಟಿಗೆ ಏಳೆಂಟು ದೀಪ ಹತ್ತಿದರೆ ಗಾಬರಿ ಬೇಡ, ಮೊದಲು ಬ್ಯಾಟರಿ ವೋಲ್ಟೇಜ್ ನೋಡು. ರಾತ್ರಿಯೆಲ್ಲ ನಿಂತ ಮೇಲೂ 12.6 ವೋಲ್ಟ್ ಹತ್ತಿರ ಇರಬೇಕು. ಕಾಲಡಿಯ ಕಾರ್ಪೆಟ್ ಒದ್ದೆಯಾಗಿದ್ದರೆ ಸನ್‌ರೂಫಿನ ನೀರು ಹೋಗುವ ಪೈಪ್ ಕಟ್ಟಿರಬಹುದು. ಕಾರ್ಪೆಟ್ ಕೆಳಗೆ ವೈರುಗಳಿವೆ, ತಡ ಮಾಡಬೇಡ. ಹಳದಿ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗಿನದು, ಬ್ಯಾಟರಿ ತೆಗೆದು ಸ್ವಲ್ಪ ಹೊತ್ತು ಕಾಯದೆ ಮುಟ್ಟಬೇಡ.

ದೊಡ್ಡ ಸ್ಕ್ರೀನು, ಹಿಂದಿನ ಕ್ಯಾಮೆರಾ ಹಾಕ್ತೀನಿ ಅಂದೆಯಲ್ಲ, ಹಾಕು. ಅದು ನಿನ್ನ ಖುಷಿ. ಹ್ಯಾಲೊಜನ್ ಹೆಡ್‌ಲೈಟಿಗೆ ಎಲ್‌ಇಡಿ ಬಲ್ಬ್ ತುರುಕೋದು ಮಾತ್ರ ಬೇಡ, ಎದುರಿನವರ ಕಣ್ಣು ಕುಕ್ಕುತ್ತೆ. ಗಾಳಿ ಚೀಲ ಕಿತ್ತು ಕಬ್ಬಿಣದ ಸ್ಪ್ರಿಂಗ್ ಹಾಕಿಬಿಡು ಅಂತ ನಿನ್ನ ಸ್ನೇಹಿತರು ಹೇಳ್ತಾರಂತೆ. ನನ್ನ ಹೆದರಿಕೆಗೆ ಅದೇ ಸುಲಭದ ಮದ್ದು. ಆದರೂ ಬೇಡ ಅಂತೀನಿ. ಹೊಂಡ ಬಿದ್ದ ರಸ್ತೆಯಲ್ಲಿ ಆ ಗಾಡಿ ತೇಲಿಕೊಂಡು ಹೋಗುವುದನ್ನು ಹಾಳು ಮಾಡಿದರೆ ಅದನ್ನು ಇಟ್ಟುಕೊಂಡು ಏನು ಪ್ರಯೋಜನ?

ನಾಲ್ಕು ಸ್ಟ್ಯಾಂಡು, ಅಳತೆ ಇಟ್ಟು ನಟ್ಟು ಬಿಗಿ ಮಾಡುವ ನನ್ನ ಟಾರ್ಕ್ ವ್ರೆಂಚ್ ಕಳಿಸುತ್ತಿದ್ದೇನೆ. ಸ್ಟ್ಯಾಂಡು ನಿನಗೇ. ವ್ರೆಂಚ್ ವಾಪಸ್ ಬೇಕು. ಕೆಲಸ ಮುಗಿದ ಮೇಲೆ ಅದರ ಹಿಡಿಯನ್ನು ಅಳತೆಯ ಅತಿ ಕಡಿಮೆ ಗೀಟಿಗೆ ತಿರುಗಿಸಿ ಇಡು, ಇಲ್ಲದಿದ್ದರೆ ಒಳಗಿನ ಸ್ಪ್ರಿಂಗ್ ಸೋತು ಅಳತೆ ತಪ್ಪುತ್ತೆ. ಅದರಿಂದ ನಟ್ಟು ಸಡಿಲ ಮಾಡಲಿಕ್ಕೂ ಹೋಗಬೇಡ.

ಅಮ್ಮ