ಮಗಳಿಗೊಂದು ಪತ್ರ: ಕಾಮನ್ಸ್ ಅಂದರೆ ಯಾರು?

ಪ್ರೀತಿಯ ಪುಟ್ಟಿ,

‘ಹೌಸ್ ಆಫ್ ಕಾಮನ್ಸ್ ಅಂದರೆ ಬಡಬಗ್ಗರ ಸಭೆ’ ಅಂತ ಟಿಪ್ಪಣಿ ಬರೆದಿದ್ದೀಯ. ಆ ಸಾಲು ಹೊಡೆದುಹಾಕು. ಅದು ಇಂಗ್ಲೆಂಡಿನ ಪಾರ್ಲಿಮೆಂಟಿನ ಕೆಳಮನೆ. ಆ ‘ಕಾಮನ್ಸ್’ ಮೂಲದಲ್ಲಿ ಕೌಂಟಿ (ನಮ್ಮ ಜಿಲ್ಲೆಯಂಥದ್ದು), ಪಟ್ಟಣಗಳೆಂಬ ಸಮುದಾಯಗಳು. 1295ರಲ್ಲಿ ರಾಜ ಒಂದನೇ ಎಡ್ವರ್ಡ್ ಕೌಂಟಿಗಳ ಅಧಿಕಾರಿಗಳಾದ ಶೆರಿಫರಿಗೆ ಓಲೆ ಕಳಿಸಿದ: ಪಾರ್ಲಿಮೆಂಟಿಗೆ ಪ್ರತಿ ಕೌಂಟಿಯಿಂದ ಇಬ್ಬರು ನೈಟ್‌ಗಳು (ಲಾರ್ಡ್‌ಗಳಿಗಿಂತ ಕೆಳಗಿನ ಜಮೀನ್ದಾರರು), ಒಂದೊಂದು ಪಟ್ಟಣದಿಂದಲೂ ಇಬ್ಬರು ಬರಲಿ, ತಮ್ಮವರ ಪರವಾಗಿ ಪೂರ್ಣಾಧಿಕಾರ ಹೊತ್ತು ಬರಲಿ. ಈ ಷರತ್ತೇ ಮುಖ್ಯ. ‘ಊರಲ್ಲಿ ಕೇಳಿ ಹೇಳ್ತೀನಿ’ ಅಂತ ಬಂದವರು ಜಾರಿಕೊಂಡರೆ ರಾಜನಿಗೆ ತೆರಿಗೆ ಹುಟ್ಟುವುದಿಲ್ಲ. ಆ ಇಬ್ಬರು ಹೂಂ ಅಂದರೆ ಊರಿಗೆ ಊರೇ ಕಟ್ಟಬೇಕು.

ಅವರ ಭತ್ಯೆಯೂ ಊರಿನ ತಲೆಯ ಮೇಲೆ. ನೈಟ್‌ಗೆ ದಿನಕ್ಕೆ 4 ಶಿಲಿಂಗ್, ಪಟ್ಟಣದವನಿಗೆ 2. ಖರ್ಚಿಗೆ ಹೆದರಿ ಚಿಕ್ಕ ಪಟ್ಟಣಗಳು ಯಾರನ್ನೂ ಕಳಿಸದೆ ತಪ್ಪಿಸಿಕೊಳ್ಳಲು ನೋಡುತ್ತಿದ್ದವು!

ಇನ್ನೊಂದು ವಿಚಿತ್ರವಿದೆ. ಅಲ್ಲಿ ಲಾರ್ಡ್‌ಗಿರಿ, ಅಂದರೆ ಕುಲೀನನೆಂಬ ಸ್ಥಾನ, ಪದವಿ ಹೊತ್ತವನೊಬ್ಬನಿಗೆ ಮಾತ್ರ. ಅವನ ಕಿರಿಯ ಮಕ್ಕಳು ಕಾನೂನಿನ ಕಣ್ಣಿಗೆ ಸಾಮಾನ್ಯರು. ಫ್ರಾನ್ಸಿನಲ್ಲಿ ಹಾಗಲ್ಲ, ಕುಲೀನನ ಮಕ್ಕಳೆಲ್ಲ ಕುಲೀನರೇ. ಹಾಗಾಗಿ ಕಾಮನ್ಸ್‌ನಲ್ಲಿ ಲಾರ್ಡ್‌ಗಳ ಮಕ್ಕಳೂ ಕೂರುತ್ತಿದ್ದರು. ಉಳುವವನಿಗೆ ಜಾಗವೆಲ್ಲಿ? 1430ರ ಹೊತ್ತಿಗೆ ಕೌಂಟಿಯಲ್ಲಿ ಮತ ಹಾಕಲು ವರ್ಷಕ್ಕೆ 40 ಶಿಲಿಂಗ್ ಹುಟ್ಟುವಳಿಯ ಸ್ವಂತ ಜಮೀನು ಬೇಕಿತ್ತು. ಗೇಣಿದಾರ ಹೊರಗೇ ಉಳಿದ.

ಸ್ಥಾನ ಕೊಟ್ಟಿದ್ದು ಊರಿಗೆ, ತಲೆ ಎಣಿಸಿ ಅಲ್ಲ. ಎಡವಟ್ಟಾದದ್ದು ಇಲ್ಲೇ. ಜನರೇ ಇಲ್ಲದೆ ಹಾಳು ಬಿದ್ದ ಓಲ್ಡ್ ಸೇರಮ್ ಇಬ್ಬರನ್ನು ಕಳಿಸುತ್ತಲೇ ಇತ್ತು; ಗಿರಣಿಗಳಿಂದ ಗಿಜಿಗುಡುತ್ತಿದ್ದ ಮ್ಯಾಂಚೆಸ್ಟರ್ ಪಟ್ಟಣಕ್ಕೆ ಸ್ವಂತದ ಒಬ್ಬನೂ ಇಲ್ಲ. 1832ರ ಸುಧಾರಣಾ ಕಾಯ್ದೆ ಇಂಥ 56 ಪಟ್ಟಣಗಳ ಸ್ಥಾನ ಕಿತ್ತುಹಾಕಿತು. ಅದೇ ಕಾಯ್ದೆ ಮತದಾರ ‘ಪುರುಷ’ನಾಗಿರಬೇಕು ಎಂದು ಸ್ಪಷ್ಟವಾಗಿ ಬರೆದೂ ಇಟ್ಟಿತು. ಗಂಡಸರಷ್ಟೇ ಹಕ್ಕು ಹೆಂಗಸರಿಗೆ ಸಿಕ್ಕಿದ್ದು 1928ರಲ್ಲಿ.

ಇಷ್ಟಾದರೂ ಥೈಲಿಯ ದಾರ, ಅಂದರೆ ಹಣದ ಹಿಡಿತ, ಕಾಮನ್ಸ್ ಕೈಯಲ್ಲೇ ಇತ್ತು. 1407ರಲ್ಲಿ ರಾಜ ನಾಲ್ಕನೇ ಹೆನ್ರಿ ಎಷ್ಟು ಹಣ ಬೇಕೆಂದು ಲಾರ್ಡ್‌ಗಳ ಹತ್ತಿರ ಮೊದಲು ಮಾತಾಡಿಕೊಂಡ, ಕಾಮನ್ಸ್ ತಿರುಗಿಬಿತ್ತು. ಕೊಡುವುದು ಕಾಮನ್ಸ್, ಸಮ್ಮತಿಸುವುದು ಲಾರ್ಡ್ಸ್ (ಲಾರ್ಡ್‌ಗಳ ಮೇಲ್ಮನೆ) ಎಂದು ರಾಜನೇ ಒಪ್ಪಬೇಕಾಯಿತು. 1911ರ ಪಾರ್ಲಿಮೆಂಟ್ ಕಾಯ್ದೆ ಬಂದ ಮೇಲಂತೂ ಲಾರ್ಡ್ಸ್ ಹಣ ಮಸೂದೆಯನ್ನು (ತೆರಿಗೆ, ಸರ್ಕಾರದ ಖರ್ಚಿನ ಮಸೂದೆ) ಒಂದು ತಿಂಗಳಿಗಿಂತ ಹೆಚ್ಚು ತಡೆಯುವಂತಿಲ್ಲ.

ನಮ್ಮ ಸಂವಿಧಾನದ 109ನೇ ವಿಧಿಯಲ್ಲಿ ಕಾಣುವುದೂ ಇದೇ ಜಾಡು. ಹಣ ಮಸೂದೆ ಲೋಕಸಭೆಯಲ್ಲೇ ಹುಟ್ಟಬೇಕು; ರಾಜ್ಯಸಭೆ ಶಿಫಾರಸು ಮಾಡಬಹುದು, ಅದನ್ನು ಒಪ್ಪುವುದೂ ಬಿಡುವುದೂ ಲೋಕಸಭೆಯ ಇಷ್ಟ. ಇಲ್ಲಿನ ಗಡುವು 14 ದಿನ. ಪರೀಕ್ಷೆಯಲ್ಲಿ ಅದನ್ನೂ ಅವರ ಒಂದು ತಿಂಗಳನ್ನೂ ಅದಲುಬದಲು ಮಾಡಿಬಿಟ್ಟೀಯ, ಜೋಪಾನ.

ನಿನ್ನ
ಅಮ್ಮ